ತ್ಯಾಗಮಯಿ ತಾಯಿಗೆ ಇಟ್ಟ ಕುರ್ಚಿ

ದಟ್ಟಗಳ್ಳಿ, ಮೈಸೂರು
೯ ನವೆಂಬರ್ ೨೦೨೫

ಮಗಳೇ ಮಾಲಾ,

ಜೈ ಭೀಮ್. ನೀನು ಫಾರೆಸ್ಟ್ ಗಾರ್ಡ್ ತರಬೇತಿಗೆಂದು ಧಾರವಾಡದ ರೈಲು ಹತ್ತಿ ತಿಂಗಳಾಯಿತು. ಭಾನುವಾರ ಅರ್ಧ ಗಂಟೆ ಫೋನು ಕೊಡುತ್ತಾರೆ, ಸರಿ. ಆದರೆ ಆ ಅರ್ಧ ಗಂಟೆಯಲ್ಲಿ ನಿನ್ನ ಮಗಳು ಪ್ರೀತಿ ಬಿದ್ದ ಹಲ್ಲಿನ ಕಥೆ, ಪಾರ್ಕಿನ ಬೆಕ್ಕಿನ ಕಥೆ ಮುಗಿಸಿ ಅವರಪ್ಪನ ಕೈಗೆ ಫೋನು ಕೊಡುವ ಹೊತ್ತಿಗೆ ನಿಮ್ಮವರು ಕಿತ್ತುಕೊಳ್ಳುತ್ತಾರೆ. ನನ್ನ ಕಿವಿಯನ್ನು ಹೇಗೂ ರೈಲ್ವೆ ವರ್ಕ್‌ಶಾಪಿನ ಸುತ್ತಿಗೆಗಳಿಗೆ ಕೊಟ್ಟು ರಿಟೈರ್ ಆದವನು ನಾನು. ಆದ್ದರಿಂದ ಕಾಗದ.

ಮೊದಲು ಸಿಟ್ಟಿನ ಸಮಾಚಾರ ಮುಗಿಸಿಬಿಡುತ್ತೇನೆ. ಪಕ್ಕದ ಮನೆಯ ಪ್ರೇಮಲೀಲಾ ಅವರು ನಿನ್ನೆ ಕಾಂಪೌಂಡ್ ಮೇಲೆ ಮೊಣಕೈ ಊರಿ, “ಅಲ್ಲಾ ಸ್ವಾಮಿ, ಏಳು ವರ್ಷದ ಹೆಣ್ಣುಮಗು. ಬುಟ್ಟೋಗಕ್ಕೆ ಮನಸ್ಸಾದ್ರೂ ಎಂಗ್ ಬಂತು ನಿಮ್ಮ ಸೊಸೆಗೆ?” ಎಂದರು.

“ಬಸ್ ಸ್ಟ್ಯಾಂಡಲ್ಲಿ ಬುಟ್ಟೋಗಿಲ್ಲ ಕಣಮ್ಮ, ಅವರಪ್ಪನ ಹತ್ರ ಬುಟ್ಟೋಗವಳೆ,” ಎಂದೆ.

“ಅಪ್ಪ ಅಪ್ಪಾನೇ, ಅಮ್ಮ ಅಮ್ಮಾನೇ.”

ಹುಣಸೆಹಣ್ಣು ಹುಣಸೆಹಣ್ಣೇ, ನಿಂಬೆಹಣ್ಣು ನಿಂಬೆಹಣ್ಣೇ ಎಂದು ಹೇಳಿ ಒಳಗೆ ಬಂದೆ.

ಹಾಲಿನ ಬೂತಿನಲ್ಲೂ ಇದೇ. ಪಾರ್ಕಿನ ಕಲ್ಲುಬೆಂಚಿನ ಮೇಲೂ ಇದೇ. ನನಗೆ ಮರೆವಿನ ಕಾಯಿಲೆ ಇಲ್ಲ ಮಾಲಾ. ನಮ್ಮವ್ವ ಅಶೋಕಪುರಂನಿಂದ ನಡೆದುಕೊಂಡು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ತಂಗಿಯನ್ನು ಮರಳಿನ ರಾಶಿಯ ಪಕ್ಕ ಸೀರೆ ಹಾಸಿ ಮಲಗಿಸಿ ಬಾಂಡ್ಲಿ ಹೊರುತ್ತಿದ್ದಳು. ಮಗೂನ ಹೇಗೆ ಬಿಟ್ಟೆ ಎಂದು ಆವತ್ತು ಯಾವ ಮಹಾತಾಯಿಯೂ ಕೇಳಲಿಲ್ಲ. ಆ ಮನೆ ಕಟ್ಟಿಸುತ್ತಿದ್ದವರಂತೂ ಕೇಳಲೇ ಇಲ್ಲ. ನಾವೂ ಒಂದು ಮನೆ ಕಟ್ಟಿ ಕಾಂಪೌಂಡ್ ಹಾಕಿಸಿದ ಮೇಲೆ ಈ ಪ್ರಶ್ನೆ ನಮ್ಮ ಗೇಟಿಗೆ ಬಂದು ನಿಂತಿದೆ.

ಇನ್ನು ಮನೆ. ಪ್ರೀತಿಗೆ ಜಡೆ ಹಾಕುವುದು ಅವರಪ್ಪ ಶಿವರಾಮುವೇ. ಎಲೆಕ್ಟ್ರಿಷಿಯನ್ ಅಲ್ಲವೇ, ವೈರು ಹೆಣೆದ ಹಾಗೆ ಹೆಣೆಯುತ್ತಾನೆ. ಸಂಜೆಯವರೆಗೆ ಒಂದು ಕೂದಲೂ ಆಚೆ ಬರುವುದಿಲ್ಲ, ಬಿಚ್ಚುವಾಗ ಮಾತ್ರ ಕಿರುಚಾಟ. ನಿಮ್ಮತ್ತೆ ಎಂದಿನಂತೆ ಮಾತು ಕಡಿಮೆ, ಕೆಲಸ ಜಾಸ್ತಿ.

ನೀನು ಧೈರ್ಯಗೆಡಬೇಡ. ಊರವರ ಬಾಯಿಗೆ ನಾನಿದ್ದೇನೆ.

ನಿನ್ನ ಮಾವ,
ಮಂಟೇಸ್ವಾಮಿ

—

ತರಬೇತಿ ಕೇಂದ್ರ, ಧಾರವಾಡ
೧೮ ನವೆಂಬರ್ ೨೦೨೫

ಮಾವನವರಿಗೆ ನಮಸ್ಕಾರ.

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಓಟ, ಆಮೇಲೆ ತರಗತಿ, ಸಂಜೆ ಪರೇಡ್. ಹೆಚ್ಚು ಬರೆಯಲು ಏನೂ ತೋಚುತ್ತಿಲ್ಲ.

ಪ್ರೀತಿಯ ಯೂನಿಫಾರಂ ಗುಂಡಿ ಒಂದು ಸಡಿಲ ಇತ್ತು, ನೋಡಲು ಹೇಳಿ. ಕೆಮ್ಮಿದ್ದರೆ ತಣ್ಣೀರು ಬೇಡ.

ಪ್ರೇಮಲೀಲಕ್ಕನ ಹತ್ತಿರ ಜಗಳ ಆಡಬೇಡಿ ಮಾವ. ಅವರು ಕೇಳಿದ್ದನ್ನು ನಾನೂ ಕೇಳಿಕೊಂಡಿದ್ದೇನೆ.

ಅತ್ತೆಗೆ ನಮಸ್ಕಾರ.

ಮಾಲಾ

—

ದಟ್ಟಗಳ್ಳಿ
೨೧ ಡಿಸೆಂಬರ್ ೨೦೨೫

ಮಗಳೇ ಮಾಲಾ,

ಜೈ ಭೀಮ್. ಉತ್ತರ ತಡವಾಯಿತು. ಕಾರಣ, ನಾನು ಸುಮ್ಮನೆ ಕೂತಿರಲಿಲ್ಲ.

ನಿನ್ನ ಕಾಗದದ ಕೊನೆಯಲ್ಲಿ, ಅತ್ತೆಗೆ ನಮಸ್ಕಾರ ಎಂದು ಬರೆದ ಕಡೆ, ಶಾಯಿ ನೀರಿನಲ್ಲಿ ಕಲಸಿಹೋಗಿತ್ತು. ಕಾಗದ ಅಲ್ಲೆಲ್ಲ ಸುಕ್ಕುಗಟ್ಟಿತ್ತು. “ಚೆನ್ನಾಗಿದ್ದೇನೆ” ಎಂದು ಬರೆದವಳ ಕಣ್ಣು ಬೇರೆ ಏನೋ ಹೇಳುತ್ತಿತ್ತು. ನಾನು ಯಾರಿಗೂ ತೋರಿಸಲಿಲ್ಲ. ಆದರೆ ಅವತ್ತೇ ಕೂತು ಪತ್ರಿಕೆಯ ವಾಚಕರ ಅಂಕಣಕ್ಕೆ ಬರೆದೆ. ಕಳೆದ ವಾರ ಅಚ್ಚಾಯಿತು, ಒಂದು ಪದವನ್ನೂ ಕತ್ತರಿಸಿಲ್ಲ. ಪೇಪರ್ ತುಂಡು ಇದರೊಳಗೆ ಇಟ್ಟಿದ್ದೇನೆ. ಕೊನೆಯ ಸಾಲು ನೋಡು: “ಸಮಾಜ ಅವಳನ್ನು ಕಲ್ಲೆದೆಯವಳು ಎನ್ನುತ್ತದೆ, ಆದರೆ ದೂರದ ಹಾಸ್ಟೆಲ್ಲಿನಲ್ಲಿ ಮಗಳನ್ನು ನೆನೆದು ದಿಂಬು ನೆನೆಸುವ ಆ ತಾಯಿಯ ಕಣ್ಣೀರನ್ನು ನೋಡಿದವರು ಯಾರು?” ಕೆಳಗೆ ನನ್ನ ಹೆಸರು, ದಟ್ಟಗಳ್ಳಿ, ಮೈಸೂರು.

ಪರಿಣಾಮ ಕೇಳು. ಪ್ರೇಮಲೀಲಾ ಡಬ್ಬಿ ತುಂಬ ಕೋಡುಬಳೆ ಹಿಡಿದುಕೊಂಡು ಬಂದರು. “ಅಯ್ಯೋ, ಆ ತಾಯಿ ಅಷ್ಟು ಸಂಕಟ ಪಡ್ತಾವಳೆ ಅಂತ ನಂಗೇನ್ ಗೊತ್ತು ಸ್ವಾಮಿ, ಮೊದಲೇ ಹೇಳಬಾರದಿತ್ತಾ?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾಲಿನ ಬೂತಿನವನು ನಿನ್ನ ಕ್ಷೇಮ ಕೇಳಿದ. ಕಲ್ಲುಬೆಂಚು ಕೂಡ ಮೆತ್ತಗಾಗಿದೆ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ಪ್ರೀತಿಯ ಶಾಲೆಯಲ್ಲಿ ಜನವರಿ ಮೂವತ್ತೊಂದಕ್ಕೆ ಮಾತೃ ಪಾದಪೂಜೆಯಂತೆ. ಸಾಲಾಗಿ ಕುರ್ಚಿ ಹಾಕಿ ತಾಯಂದಿರನ್ನು ಕೂರಿಸುವುದು, ಮಕ್ಕಳು ತಟ್ಟೆಯಲ್ಲಿ ಅವರ ಕಾಲು ತೊಳೆದು ಅರಿಶಿನ ಕುಂಕುಮ ಹಚ್ಚುವುದು, ಫೋಟೊ ತೆಗೆಯುವುದು. “ತಾಯಿ ಬರಲಾಗದ ಮಕ್ಕಳು ಪ್ರೇಕ್ಷಕರ ಸಾಲಿನಲ್ಲಿ ಕೂರತಕ್ಕದ್ದು” ಎಂದು ಸುತ್ತೋಲೆಯಲ್ಲೇ ಬರೆದಿದ್ದರು. ನನ್ನ ಮೈ ಉರಿಯಿತು. ಹೋಗಿ ಜಗಳ ಆಡಬೇಕು ಎಂದಿದ್ದೆ. ಅಷ್ಟರಲ್ಲಿ ಹೆಡ್‌ಮಿಸ್ ಮೈತ್ರೇಯಿ ಮೇಡಂ ಅವರೇ ಪತ್ರಿಕೆ ಓದಿ ಫೋನು ಮಾಡಿದರು. ನಿನ್ನನ್ನು “ತ್ಯಾಗಮಯಿ ತಾಯಿ” ಎಂದು ನಡುವಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರಂತೆ! ದೂರಿದವರೆಲ್ಲ ಎದುರಿಗೆ ಕೂತು ಚಪ್ಪಾಳೆ ತಟ್ಟಬೇಕು. ಗೆದ್ದೆವು ಮಾಲಾ.

ರಜೆಯ ಚಿಂತೆ ನಿನಗೆ ಬೇಡ. ನಿಮ್ಮ ಪ್ರಾಚಾರ್ಯರಿಗೆ ಪತ್ರಿಕೆಯ ತುಂಡಿನ ಸಮೇತ ನಾನೇ ಒಂದು ಮನವಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ.

ಇನ್ನು ಅಳಬೇಡ.

ನಿನ್ನ ಮಾವ,
ಮಂಟೇಸ್ವಾಮಿ

—

ಧಾರವಾಡ
೩ ಜನವರಿ ೨೦೨೬

ಮಾವನವರಿಗೆ ನಮಸ್ಕಾರ.

ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಫೋನಿನಲ್ಲಿ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ.

ಪ್ರಾಚಾರ್ಯರು ಮೊನ್ನೆ ಕರೆಸಿದ್ದರು. ಮೇಜಿನ ಮೇಲೆ ನಿಮ್ಮ ಮನವಿ. “ಏನವಾ, ಅಷ್ಟು ತ್ರಾಸಾಗಿದ್ರ ನನಗ ಹೇಳಬಾರದಿತ್ತೇನು?” ಎಂದರು. ಒಳ್ಳೆಯವರು. ನಾಲ್ಕು ದಿನ ರಜೆ ಕೊಡುತ್ತೇನೆ ಎಂದರು. ಆದರೆ ಇಪ್ಪತ್ತೊಂಬತ್ತಕ್ಕೆ ನಮ್ಮ ಕಾಡಿನ ಕ್ಯಾಂಪ್ ಹೊರಡುತ್ತದೆ. ಅದನ್ನು ತಪ್ಪಿಸಿಕೊಂಡವರು ಈ ಬ್ಯಾಚಿನಲ್ಲಿ ಪಾಸಾಗುವ ಹಾಗಿಲ್ಲ. ಮುಂದಿನ ಬ್ಯಾಚಿನ ಜೊತೆ ಮತ್ತೆ ಬರಬೇಕು. ಯಾವುದು ಎಂದು ಇಪ್ಪತ್ತರೊಳಗೆ ಬರೆದುಕೊಡಲು ಹೇಳಿದ್ದಾರೆ.

ಮಾವ, ನಾನು ಅಳುತ್ತಿಲ್ಲ.

ಆ ಕಲೆ ಸ್ನಾನದ ನೀರಿನದು. ತಲೆಗೆ ನೀರು ಹಾಕಿಕೊಂಡು ಬಂದು ಒದ್ದೆ ಕೂದಲಲ್ಲೇ ಬರೆಯುತ್ತಿದ್ದೆ. ಅಷ್ಟು ಹೊತ್ತಿಗೆ ಊಟದ ಬೆಲ್ ಆಯಿತು. ಅವತ್ತು ಬದನೆಕಾಯಿ ಎಣ್ಣೆಗಾಯಿ ಇತ್ತು, ಓಡಿದೆ.

ನಿಮ್ಮ ಪೇಪರ್ ತುಂಡನ್ನು ನಮ್ಮ ಕೋಣೆಯ ಹುಡುಗಿಯರು ಮಂಚದ ಮೇಲೆ ನಿಂತು ಜೋರಾಗಿ ಓದಿದರು. ರಕ್ಷಿತಾ ಎಂಬ ಕಿರಿಯವಳು ನನ್ನ ದಿಂಬು ಮುಟ್ಟಿ ನೋಡಿ, “ಅಕ್ಕಾ, ಇದು ಒಣಗೈತಲ್ಲ!” ಎಂದಳು. ನನಗೂ ನಗು ಬಂತು. ಆಮೇಲೆ ನಗು ನಿಂತುಹೋಯಿತು.

ನಿಜ ಬರೆಯುತ್ತೇನೆ. ನನಗೆ ಇಲ್ಲಿ ಸುಖವಾಗಿದೆ. ಮದುವೆಯಾದ ಮೇಲೆ ಮೊದಲ ಸಲ ಯಾರೋ ಮಾಡಿದ ಬಿಸಿ ಅಡುಗೆಗೆ ತಟ್ಟೆ ಹಿಡಿದು ಕೂರುತ್ತಿದ್ದೇನೆ. ಮಲಗಿದರೆ ನಿದ್ದೆ ಬರುತ್ತದೆ. ಮೊನ್ನೆ ಒದ್ದೆ ಮಣ್ಣಿನಲ್ಲಿ ಚಿರತೆಯ ಹೆಜ್ಜೆಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದೆವು. ನನ್ನದು ಒಡೆಯದೆ ಎದ್ದು ಬಂತು. ಅಂಗೈ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ. ಇಲವಾಲದಲ್ಲಿ ಅಪ್ಪನ ಮನೆಯಲ್ಲಿದ್ದಾಗ ನಾನು ಓಡುತ್ತಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಈಗ ಬ್ಯಾಚಿನಲ್ಲಿ ನನಗಿಂತ ಮುಂದೆ ಓಡುವವರು ಇಬ್ಬರೇ.

ಪ್ರೀತಿ ನೆನಪಾಗುವುದಿಲ್ಲ ಎಂದಲ್ಲ. ಬೂಟಿನ ಲೇಸು ಕಟ್ಟುವಾಗ ದಿನಾ ನೆನಪಾಗುತ್ತಾಳೆ. ಅವಳದ್ದು ಕಟ್ಟಿ ಕಟ್ಟಿ ಅಭ್ಯಾಸವಾದ ಗಂಟು ಅದು. ನೆನೆದುಕೊಳ್ಳುತ್ತೇನೆ, ಎದ್ದು ಓಡುತ್ತೇನೆ.

ಮೊದಲ ಕಾಗದದಲ್ಲೇ ಇದನ್ನು ಬರೆಯಬಹುದಿತ್ತು. ಬರೆಯಲು ನಾಚಿಕೆಯಾಯಿತು. ಕಷ್ಟ ಎಂದರೆ ನಿಮಗೆಲ್ಲ ಸಂಕಟ, ಸುಖ ಎಂದರೆ ನಾನು ಎಂಥ ತಾಯಿ? ನೀವು ನನ್ನ ಪರವಾಗಿ ಊರಿನ ಜೊತೆ ಜಗಳ ಆಡಿದಿರಿ. ಆದರೆ ಮಾವ, ಗೆಲ್ಲಲಿಕ್ಕೆ ನಿಮಗೂ ನನ್ನ ಕಣ್ಣೀರು ಬೇಕಾಯಿತಲ್ಲ.

ಆ ಕುರ್ಚಿಯಲ್ಲಿ ಕೂರಲು ನನಗೆ ಇಷ್ಟವಿಲ್ಲ. ನಾನು ಏನನ್ನೂ ತ್ಯಾಗ ಮಾಡಿಲ್ಲ. ನೀವು ಬಾ ಎಂದರೆ ಬರುತ್ತೇನೆ, ಒಂದು ವರ್ಷ ಹೋದರೆ ಹೋಗಲಿ. ಬೇಡ ಎಂದರೆ ಒಂದೇ ಕೇಳಿಕೆ: ಜ್ವರ ಬಂತು, ರಜೆ ಸಿಗಲಿಲ್ಲ ಎಂದು ಯಾರಿಗೂ ಹೇಳಬೇಡಿ.

ಮಾಲಾ

—

ದಟ್ಟಗಳ್ಳಿ
೧೩ ಜನವರಿ ೨೦೨೬

ಮಾಲಾಗೆ,

ಕಾಗದ ತಲುಪಿತು. ನಿಮ್ಮತ್ತೆ ಸಂಕ್ರಾಂತಿಯ ಎಳ್ಳು ಬೆಲ್ಲ ಕೊಟ್ಟಿದ್ದಾಳೆ, ಪಾರ್ಸೆಲ್ ಮಾಡಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಬೇರೆ ವಿಶೇಷವಿಲ್ಲ.

ಮಂಟೇಸ್ವಾಮಿ

—

ಧಾರವಾಡ
೧೯ ಜನವರಿ ೨೦೨೬

ಮಾವನವರಿಗೆ ನಮಸ್ಕಾರ.

ಎಳ್ಳು ಬೆಲ್ಲ ತಲುಪಿತು, ಎಲ್ಲರೂ ಹಂಚಿಕೊಂಡು ತಿಂದೆವು. ಕೊಬ್ಬರಿ ಹೆಚ್ಚಿದ್ದು ನೋಡಿದರೇ ಅತ್ತೆಯ ಕೈ ಎಂದು ಗೊತ್ತಾಗುತ್ತದೆ.

ನೀವು ಬಾ ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ಹಾಲಿನ ಬೂತಿನ ಬಗ್ಗೆಯೇ ಒಂದು ಪುಟ ಬರೆಯುವವರು ಇಷ್ಟು ಚಿಕ್ಕ ಕಾಗದ ಬರೆದಿದ್ದು ಇದೇ ಮೊದಲು. ನಿಮಗೆ ನೋವಾಗಿದೆ. ನನಗೆ ಗೊತ್ತಾಗುತ್ತದೆ.

ಇವತ್ತು ಪ್ರಾಚಾರ್ಯರಿಗೆ ಬರೆದುಕೊಟ್ಟೆ. ಕ್ಯಾಂಪಿಗೆ ಹೋಗುತ್ತಿದ್ದೇನೆ. ಅಲ್ಲಿ ಫೋನು ಸಿಗುವುದಿಲ್ಲ. ಪ್ರೀತಿಗೆ ನಿನ್ನೆ ಭಾನುವಾರವೇ ಹೇಳಿದೆ. “ಆನೆ ಬರುತ್ತಾ?” ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ. ನನ್ನನ್ನು ನೋಯಿಸಬಾರದು ಎಂದು ಸುಮ್ಮನಾದಳೋ ಏನೋ. ಅದೊಂದೇ ಎದೆಯಲ್ಲಿ ಉಳಿದಿದೆ. ಅವತ್ತು ಅವಳು ಪ್ರೇಕ್ಷಕರ ಸಾಲಿನಲ್ಲಿ ಕೂರುವಾಗ ಯಾರಾದರೂ ಪಕ್ಕದಲ್ಲಿ ಇರಿ.

ಮಾಲಾ

—

ದಟ್ಟಗಳ್ಳಿ
೧ ಫೆಬ್ರವರಿ ೨೦೨೬

ಮಗಳೇ ಮಾಲಾ,

ಜೈ ಭೀಮ್. ನೀನು ಕಾಡಿನಿಂದ ಬರುವ ಹೊತ್ತಿಗೆ ಇದು ನಿನ್ನ ಮಂಚದ ಮೇಲಿರಲಿ ಎಂದು ಬರೆಯುತ್ತಿದ್ದೇನೆ. ಉದ್ದವಾಗಿದೆ, ಪುರುಸೊತ್ತಾಗಿ ಓದು.

ಹೌದು, ನೋವಾಗಿತ್ತು. ನಿನ್ನ ಮೇಲಲ್ಲ. ಬೀದಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದ್ದೆನಲ್ಲ, ಅದು ಇಳಿಯಲು ಹೊತ್ತು ಹಿಡಿಯಿತು. ನಿನ್ನ ಕಾಗದವನ್ನು ಕೊನೆಗೆ ನಿಮ್ಮತ್ತೆಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು.

“ಶಿವರಾಮು ತೊಟ್ಟಿಲಲ್ಲಿದ್ದಾಗ ನಿಮ್ಮನ್ನ ಹುಬ್ಬಳ್ಳಿ ವರ್ಕ್‌ಶಾಪಿಗೆ ಹಾಕಿದ್ರಲ್ಲ, ಎರಡು ವರ್ಷ. ಆಗ ದಿಂಬು ಒದ್ದೆ ಮಾಡ್ಕಂಡಿದ್ರಾ?” ಎಂದಳು.

“ಇಲ್ಲ ಕಣೆ.”

“ಮತ್ತೇನ್ ಮಾಡ್ತಿದ್ರಿ?”

“ಸಂಜೆ ಮಿರ್ಚಿ ಭಜಿ ತಿಂತಿದ್ದೆ. ಲೈಬ್ರರಿಗೆ ಹೋಗ್ತಿದ್ದೆ.”

“ಇನ್ನೇನು ಮತ್ತೆ! ಅವಳು ಎಣ್ಣೆಗಾಯಿ ತಿಂತಾವಳೆ. ತಿನ್ನಲಿ ಬುಡಿ. ಆಗ ಊರವರು ಮಗ ಹೆಂಗಿದ್ದಾನೆ ಅಂತ ನನ್ನ ಕೇಳ್ತಿದ್ರು. ನಿಮ್ಮನ್ನ ಊಟ ಆಯ್ತಾ ಅಂತ ಕೇಳ್ತಿದ್ರು.”

ಹುಬ್ಬಳ್ಳಿಯ ಆ ದಿನಗಳು ನನ್ನ ಜೀವನದಲ್ಲೇ ಅತಿ ಹೆಚ್ಚು ಓದಿದ ದಿನಗಳು. ಊರಿಗೆ ಬಂದು ಹೋದಾಗಲೆಲ್ಲ ಜನ “ಪಾಪ, ಮನೆಗೋಸ್ಕರ ದುಡೀತಾವ್ನೆ” ಎನ್ನುತ್ತಿದ್ದರು. ಒಬ್ಬರೂ ನನ್ನ ದಿಂಬು ಮುಟ್ಟಿ ನೋಡಲಿಲ್ಲ. ಇಷ್ಟು ನೆನಪಿರುವ ನನಗೆ ಇದೊಂದು ಲೆಕ್ಕಕ್ಕೆ ಬಂದಿರಲಿಲ್ಲ.

ಮೊದಲು ಪತ್ರಿಕೆಗೆ ತಿದ್ದುಪಡಿ ಬರೆದೆ: ಆ ತಾಯಿ ಅಳುತ್ತಿಲ್ಲ, ಚೆನ್ನಾಗಿದ್ದಾಳೆ, ಚೆನ್ನಾಗಿ ಓಡುತ್ತಾಳೆ, ಓದುಗರು ಗಮನಿಸಬೇಕು ಎಂದು. ಇವತ್ತಿನವರೆಗೂ ಬಂದಿಲ್ಲ. ಬರುವುದೂ ಇಲ್ಲ. ಅಳುವ ತಾಯಿಗೆ ಅರ್ಧ ಕಾಲಂ ಜಾಗವಿತ್ತು, ಚೆನ್ನಾಗಿರುವ ತಾಯಿಗೆ ನಾಲ್ಕು ಸಾಲೂ ಇಲ್ಲ.

ಆಮೇಲೆ ಮೈತ್ರೇಯಿ ಮೇಡಂ ಬಳಿ ಹೋದೆ. “ತೊಂದರೆಯಿಲ್ಲ ಸರ್, ರಜೆ ಸಿಗಲಿಲ್ಲ ಅಂತ ಅನೌನ್ಸ್ ಮಾಡ್ತೀವಿ. ಕುರ್ಚಿ ಖಾಲಿ ಇಟ್ಟು ಶಾಲು ಹಾಕಿದ್ರೆ ಇನ್ನೂ ಮನಮುಟ್ಟುತ್ತೆ,” ಎಂದರು. ರಜೆ ಸಿಕ್ಕಿತ್ತು, ಅವಳೇ ಬೇಡ ಎಂದಳು ಎಂದೆ. ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅದನ್ನ ಮಾತ್ರ ಸ್ಟೇಜ್ ಮೇಲೆ ಹೇಳಬೇಡಿ ಸರ್, ಪ್ಲೀಸ್.”

ನಿನ್ನೆ ಕಾರ್ಯಕ್ರಮ. ಹಿರಿಯರು ಎಂದು ನನ್ನನ್ನು ಎರಡು ಮಾತಿಗೆ ಕರೆದರು. ನಡುವಿನ ಕುರ್ಚಿಯ ಮೇಲೆ ಶಾಲು, ಪಕ್ಕದಲ್ಲಿ ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ಪ್ರೇಮಲೀಲಾ, ಮೊಮ್ಮಗನ ಫೋಟೊ ತೆಗೆಯಲು ಬಂದವರು, ನನ್ನ ಮಾತಿಗೆ ಮೊದಲೇ ಕರ್ಚೀಫು ಹಿಡಿದು ಸಿದ್ಧರಾಗಿದ್ದರು. ನಾನು ಮೈಕು ಹಿಡಿದು ಹೇಳಿದೆ: “ಪತ್ರಿಕೆಯಲ್ಲಿ ನಾನು ಬರೆದದ್ದು ತಪ್ಪು. ನನ್ನ ಸೊಸೆ ಅಳ್ತಾ ಇಲ್ಲ. ಆರಾಮಾಗಿದ್ದಾಳೆ. ಇವತ್ತು ಬರಬಹುದಿತ್ತು, ಕಾಡಿಗೆ ಹೋಗ್ತೀನಿ ಅಂದಳು, ಹೋಗಿದ್ದಾಳೆ. ಅವಳ ಮಗಳನ್ನ ಅವಳ ಗಂಡ ನೋಡ್ಕತಾನೆ. ಇಷ್ಟೇ.”

ಪ್ರೇಮಲೀಲಾ ಕರ್ಚೀಫು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಆಗ ವೇದಿಕೆಯ ಮೇಲೆ, ಕಾಲ ಕೆಳಗೆ ತಟ್ಟೆ ಇಟ್ಟುಕೊಂಡು ಕೂತಿದ್ದ ತಾಯಂದಿರ ಸಾಲಿನಿಂದ ಒಂದು ದನಿ ಬಂತು. ಶಿಲ್ಪಶ್ರೀ ಎಂದು ಹೆಸರು, ಪ್ರೀತಿಯ ಕ್ಲಾಸಿನ ಹುಡುಗಿಯ ತಾಯಿ, ನಮ್ಮ ಹಿಂದಿನ ಕ್ರಾಸಿನವರು. “ಸರ್, ಅಲ್ಲಿಗೆ ಅರ್ಜಿ ಯಾವಾಗ ಕರೀತಾರೆ?” ಎಂದರು. ಪಕ್ಕದವರು ನಕ್ಕರು. ಅವರ ಪಕ್ಕದವರೂ ನಕ್ಕರು. ಕಾಲು ಅಲುಗಾಡಿ ಎಷ್ಟೋ ತಟ್ಟೆಗಳ ನೀರು ಚೆಲ್ಲಿತು. ಮೇಡಂ ಹಾಡು ಹಾಕಿಸಿದರು.

ಈಗ ನಿನ್ನ ಎದೆಯಲ್ಲಿ ಉಳಿದಿದ್ದ ವಿಷಯ. ಪ್ರೇಕ್ಷಕರ ಸಾಲಿನಲ್ಲಿ ಪ್ರೀತಿಯ ಒಂದು ಪಕ್ಕ ಶಿವರಾಮು, ಇನ್ನೊಂದು ಪಕ್ಕ ನಿಮ್ಮತ್ತೆ ಕಾವಲು ಕೂತಿದ್ದರು. ನಡುವೆ ನೋಡಿದರೆ ಮಗು ಇಲ್ಲ. ಬಯಲಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳಂತೆ. ಹಾಡು ಕೇಳಿ, ಮೊಣಕಾಲಿನವರೆಗೆ ಕೆಂಪು ಧೂಳು ಮಾಡಿಕೊಂಡು ಓಡಿಬಂದು, ಕ್ಲಾಸಿನ ಮಕ್ಕಳ ಹಿಂದೆ ವೇದಿಕೆ ಹತ್ತಿದಳು. ಒಬ್ಬ ಮೇಡಂ ಪಾಪ ಎಂದುಕೊಂಡು ಅವಳ ಕೈಗೆ ತಟ್ಟೆ, ಚೊಂಬು ಕೊಟ್ಟು, “ಹೋಗು, ಅಜ್ಜಿ ಪಾದ ತೊಳಿ” ಎಂದರು. ನಿಮ್ಮತ್ತೆ ಕೆಳಗಿನಿಂದಲೇ, “ನನ್ನ ಕಾಲು ನಾನು ಬೆಳಗ್ಗೇನೇ ತೊಳ್ಕಂಡಿವ್ನಿ, ಬ್ಯಾಡ,” ಎಂದು ಕೈ ಆಡಿಸಿದಳು.

ಪ್ರೀತಿ ಅತ್ತಿತ್ತ ನೋಡಿದಳು. ತಟ್ಟೆಯನ್ನು ನಡುವಿನ ಕುರ್ಚಿಯ ಮುಂದೆ ಇಟ್ಟಳು. ಶಾಲು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಚೊಂಬಿನ ನೀರು ಹುಯ್ದುಕೊಂಡು ತನ್ನ ಕಾಲಿನ ಧೂಳನ್ನು ಚೆನ್ನಾಗಿ ಉಜ್ಜಿ ತೊಳೆದುಕೊಂಡಳು. ಆಮೇಲೆ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ಕಾಲು ಆಡಿಸುತ್ತಾ ತಿಂದಳು. ಫೋಟೊಗ್ರಾಫರ್ ಏನು ಮಾಡಬೇಕು ತಿಳಿಯದೆ ಫೋಟೊ ತೆಗೆದ. ಒಂದು ಪ್ರತಿ ಕೊಂಡಿದ್ದೇನೆ, ಇದರೊಳಗೆ ಇದೆ.

ಮನೆಗೆ ಬರುವಾಗ ಕೇಳಿದೆ, “ಅಮ್ಮ ಬರಲಿಲ್ಲ ಅಂತ ಬೇಜಾರಾಯ್ತೇನವ್ವ?” ಎಂದು. “ಅಮ್ಮ ಬಂದಿದ್ರೆ ಆಡಕ್ಕೆ ಬುಡ್ತಿರಲಿಲ್ಲ ತಾತ, ಯೂನಿಫಾರಂ ಕೊಳೆ ಆಯ್ತದೆ ಅಂತಿದ್ದಳು,” ಎಂದಳು. ಇದಿಷ್ಟೇ ಅವಳು ಒಳಗೆ ಇಟ್ಟುಕೊಂಡಿದ್ದ ಸಂಕಟ.

ಬೀದಿ ಮತ್ತೆ ಮೊದಲಿನಂತೆ ಗಟ್ಟಿಯಾಗಿದೆ. ಪ್ರೇಮಲೀಲಾ ಇವತ್ತು ಕೋಡುಬಳೆಯ ಡಬ್ಬಿ ವಾಪಸ್ ಕೇಳಿದರು. ನಿಮ್ಮತ್ತೆ ಅದಕ್ಕೆ ಎಳ್ಳು ಬೆಲ್ಲ ತುಂಬಿ ಕೊಟ್ಟಳು. ಅವರು ತೆಗೆದುಕೊಂಡು ಹೋದರು.

ಕಾಡಿನ ಸಮಾಚಾರ ಬರಿ. ಸುಖವಿದ್ದರೆ ಸುಖ ಎಂದೇ ಬರಿ. ನನ್ನ ಕನ್ನಡಕಕ್ಕೆ ಅದೂ ಕಾಣುತ್ತದೆ.

ನಿನ್ನ ಮಾವ,
ಮಂಟೇಸ್ವಾಮಿ

ಅಮ್ಮಾ ನಾನು ಪ್ರೀತಿ. ಬಾಳೆಹಣ್ಣು ಎರಡು ತಿಂದೆ. ತಾತ ಒಂದು ಅಂತ ಬರೆದಿದ್ದಾರೆ. ಆನೆ ಬಂತಾ

—

ಧಾರವಾಡ
೧೪ ಫೆಬ್ರವರಿ ೨೦೨೬

ಮಾವನವರಿಗೆ ನಮಸ್ಕಾರ.

ಕ್ಯಾಂಪ್ ಮುಗಿಸಿ ನಿನ್ನೆ ಬಂದೆ. ಪಾಸಾದೆ. ನಿಮ್ಮ ಕಾಗದ ಮಂಚದ ಮೇಲೇ ಇತ್ತು. ಬೂಟು ಬಿಚ್ಚುವ ಮೊದಲು ಓದಿದೆ.

ಮೂವತ್ತೊಂದನೇ ತಾರೀಖು ಮಧ್ಯಾಹ್ನ ನಾವು ಒಂದು ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೆವು. ಎಲ್ಲರ ಕಾಲಲ್ಲೂ ಬೊಬ್ಬೆ. ಬೂಟು ಕಳಚಿ ನೀರಲ್ಲಿ ಇಳಿಬಿಟ್ಟು ಕೂತೆ. ಈಗ ಅಲ್ಲಿ ಪಾದಪೂಜೆ ನಡೆಯುತ್ತಿರಬಹುದು, ಪ್ರೀತಿ ಬೇರೆ ಮಕ್ಕಳನ್ನು ನೋಡುತ್ತಾ ಸಪ್ಪಗೆ ಕೂತಿರಬಹುದು ಎಂದುಕೊಂಡು ಬುತ್ತಿಯನ್ನು ಹಾಗೇ ಮುಚ್ಚಿಟ್ಟೆ. ಅಷ್ಟು ಹೊತ್ತಿಗೆ ಅವಳು ನನ್ನ ಕುರ್ಚಿಯ ಮೇಲೆ ಎರಡನೇ ಬಾಳೆಹಣ್ಣು ಸುಲಿಯುತ್ತಿದ್ದಳು!

ಫೋಟೊವನ್ನು ಮಂಚದ ತಲೆಯ ಕಡೆ ಅಂಟಿಸಿದ್ದೇನೆ. ರಕ್ಷಿತಾ ಅದಕ್ಕೆ ದಿನಾ ಸೆಲ್ಯೂಟ್ ಹೊಡೆಯುತ್ತಾಳೆ. ಶಿಲ್ಪಶ್ರೀ ಅವರಿಗೆ ಹೇಳಿ, ಅರ್ಜಿ ಕರೆದ ದಿನವೇ ತಿಳಿಸುತ್ತೇನೆ, ಈಗಿನಿಂದಲೇ ರಿಂಗ್ ರೋಡಿನಲ್ಲಿ ಬೆಳಗ್ಗೆ ಓಡಲು ಶುರು ಮಾಡಲಿ. ಪ್ರೀತಿಗೆ ಹೇಳಿ, ಆನೆ ಬರಲಿಲ್ಲ, ಲದ್ದಿ ಮಾತ್ರ ಬಂತು. ಅತ್ತೆಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಊಟಕ್ಕೆ ಇವತ್ತೂ ಎಣ್ಣೆಗಾಯಿ ಇದೆ ಎಂದು ಹೇಳಿಬಿಡಿ, ಅವರಿಗೆ ಗೊತ್ತಾಗುತ್ತದೆ.

ನಿಮ್ಮ ಕಾಗದವನ್ನು ಕೋಣೆಯವರಿಗೆಲ್ಲ ಓದಿ ಹೇಳುವಾಗ, ಆ ಕರ್ಚೀಫು ಬ್ಯಾಗಿಗೆ ಹೋದ ಜಾಗದಲ್ಲಿ, ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು ಮಾವ. ಈ ಹಾಳೆಯ ಮೇಲೂ ಎರಡು ಹನಿ ಬಿದ್ದಿರಬೇಕು.

ದಯವಿಟ್ಟು ಪತ್ರಿಕೆಗೆ ಬರೆಯಬೇಡಿ.

ಮಾಲಾ